ಉಲ್ಟಾ ಅಚ್ಚಾದ ಪಟ್ಟು

ಹೊಡೆದಾಡಲು ಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಕೆಲವರು ಹಾಡುವವರ ಮುಂದೆ ಬಾಯಿ ತೆರೆದುಕೊಂಡು ಕೂಡುತ್ತಾರಲ್ಲ, ನಾನು ಪೈಲವಾನರ ಮುಂದೆ ಹಾಗೆ ಕೂಡುತ್ತೇನೆ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ, ನನ್ನ ಅಂಗಿ ಬಿಚ್ಚಿ ನೋಡಿದರೆ ಸಾಕು. ಎಲುಬುಗಳನ್ನೆಲ್ಲ ಲೆಕ್ಕ ತಪ್ಪದೆ ಕೊಟ್ಟ ದೇವರು ಅವುಗಳ ಮೇಲೆ ಹೊದಿಸುವುದನ್ನು ಯಾಕೋ ಮುಂದಕ್ಕೆ ಹಾಕಿದ, ಆಮೇಲೆ ಮರೆತ. ಹೀಗಾಗಿ ಜೀವಮಾನದಲ್ಲಿ ಒಮ್ಮೆಯೂ ನಾನು ಯಾರ ಮೇಲೂ ಕೈ ಎತ್ತಿಲ್ಲ. ಸ್ವಾತಂತ್ರ್ಯ ಬರುವವರೆಗೆ ಇದನ್ನು ಅಹಿಂಸೆ ಎಂದು ಹೇಳಿಕೊಂಡು ತಿರುಗಿದೆ, ಜನ ಮರ್ಯಾದೆಯನ್ನೂ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಆ ನೆಪ ಹೆಚ್ಚು ದಿನ ನಡೆಯಲಿಲ್ಲ. ನನ್ನ ಹೆಂಡತಿ ಗೌರವ್ವ ಒಂದು ದಿನ ನೇರವಾಗಿಯೇ ಅಂದಳು: "ನಿಮ್ದು ಅಹಿಂಸಾ ಅಲ್ರಿ, ಅಂಜಿಕಿ." ಅಂದವಳು ಹೆಂಡತಿಯಾದ್ದರಿಂದ ನಾನು ವಾದಕ್ಕೆ ಇಳಿಯಲಿಲ್ಲ.

ನಮ್ಮ ಮನೆ ಬೆಟಗೇರಿಯಲ್ಲಿ, ಉದ್ಯೋಗ ಗದಗಿನ ಒಂದು ಛಾಪಖಾನೆಯಲ್ಲಿ. ಕರಡು ತಿದ್ದುವುದು ನನ್ನ ಕೆಲಸ. ಆಗ ಏಕೀಕರಣದ ಗದ್ದಲ ಜೋರಾಗಿತ್ತು. ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದವರು. ಬೆಳಿಗ್ಗೆ ಕನ್ನಡಿಗರೆಲ್ಲ ಒಂದಾಗಬೇಕೆಂಬ ಕರಪತ್ರ, ಮಧ್ಯಾಹ್ನ ಲಗ್ನಪತ್ರಿಕೆ, ಸಂಜೆ ಮತ್ತೊಂದು ಕರಪತ್ರ. ಎಲ್ಲವೂ ನನ್ನ ಭೂತಗನ್ನಡಿಯ ಕೆಳಗೆ ಹಾಯ್ದೇ ಹೋಗಬೇಕು. ಒತ್ತಕ್ಷರ ತಪ್ಪಿದ್ದರೆ ಮಾರು ದೂರದಿಂದ ಹಿಡಿಯುತ್ತಿದ್ದೆ. ಈ ಒಂದು ವಿಷಯದಲ್ಲಿ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ? ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದರಿಂದ, ಶಾಲೆಯಲ್ಲಿ ಒಂದು ದಿನವೂ ಕಲಿಸದ ನನ್ನನ್ನು ಊರೆಲ್ಲ ಮಾಸ್ತರ್ ಎಂದೇ ಕರೆಯುತ್ತಿತ್ತು.

ನಮಗೆ ಒಬ್ಬಳೇ ಮಗಳು, ನೀಲಾ. ಹನ್ನೆರಡು ವರ್ಷ, ವಯಸ್ಸಿಗಿಂತ ಗಿಡ್ಡ. ಬೆಟಗೇರಿಯ ಶಾಲೆ ಮುಗಿಸಿ ಗದಗಿನ ಹೈಸ್ಕೂಲಿಗೆ ಹೋಗತೊಡಗಿದ್ದಳು. ನಮ್ಮ ಓಣಿಯಿಂದ ಹೈಸ್ಕೂಲಿಗೆ ಹೋಗುವ ಹುಡುಗಿಯರು ಮೂವರೇ. ದಾರಿಯಲ್ಲಿ ಹತ್ತಿ ಗಿರಣಿಯ ಮುಂದೆ ಒಂದು ಸಣ್ಣ ಸೇತುವೆ. ಅದರ ಕಟ್ಟೆಯ ಮೇಲೆ ಪರಸ್ಯಾ ಎಂಬ ತರುಣ ಕೂಡುತ್ತಿದ್ದ. ಮನೆಯಲ್ಲಿ ಉಂಡು ಬಂದು ಇಲ್ಲಿ ಕೂಡುವುದೇ ಅವನ ಉದ್ಯೋಗ. ಹುಡುಗಿಯರು ಹತ್ತಿರ ಬಂದ ಕೂಡಲೇ ಕಟ್ಟೆಯಿಂದ ಜಿಗಿದು ಒಬ್ಬಳ ಪಾಟಿಚೀಲ ಕಸಿದು, ಹೋಗುತ್ತಿದ್ದ ಚಕ್ಕಡಿಯಲ್ಲಿನ ಹತ್ತಿಯ ಮೇಲೆ ಎಸೆದುಬಿಡುತ್ತಿದ್ದ. ಹತ್ತಿಯ ಮೇಲೆ ಬಿದ್ದದ್ದು ಸಪ್ಪಳ ಮಾಡುತ್ತದೆಯೇ? ಗಾಡಿಯವನಿಗೆ ಗೊತ್ತೇ ಆಗುತ್ತಿರಲಿಲ್ಲ. ಹುಡುಗಿ ಅಳುತ್ತ ಚಕ್ಕಡಿಯ ಹಿಂದೆ ಓಡಬೇಕು, ಪರಸ್ಯಾ ಹೊಟ್ಟೆ ಹಿಡಿದುಕೊಂಡು ನಗಬೇಕು. ಒಮ್ಮೆ ನೀಲಾಳ ಚೀಲ ಕಣಗಿನಹಾಳಕ್ಕೆ ಮರಳುತ್ತಿದ್ದ ಖಾಲಿ ಗಾಡಿಯಲ್ಲಿ ಹೋಗಿಬಿಟ್ಟಿತು. ಮರುದಿನ ಯಾರೋ ಪುಣ್ಯಾತ್ಮರು ತಂದುಕೊಟ್ಟರು, ಒಳಗೆ ಭೂಗೋಳದ ಪುಸ್ತಕದ ಜೊತೆಗೆ ಎರಡು ಕಟಕ ರೊಟ್ಟಿ ಇಟ್ಟಿದ್ದರು. ಎಲ್ಲ ಗಾಡಿಯವರೂ ಅಂಥವರಿರುವುದಿಲ್ಲ. ಪುಸ್ತಕ ಕಳೆದುಕೊಂಡು ಉಳಿದ ಇಬ್ಬರು ಹುಡುಗಿಯರು ಶಾಲೆ ಬಿಟ್ಟೇಬಿಟ್ಟರು. ಅಂದು ಗೌರವ್ವ ಹೊಸ್ತಿಲ ಮೇಲೆ ನಿಂತು ತೀರ್ಪು ಹೇಳಿದಳು: "ಶಿವರಾತ್ರಿ ಅಮಾಸಿ ತನಕಾ ನೋಡ್ತೀನ್ರಿ. ಅಷ್ಟರಾಗ ಆ ಭಾಡ್ಯಾನ ಕಾಟ ನಿಲ್ಲಲಿಲ್ಲಂದ್ರ ಹುಡುಗಿ ಶಾಲಿ ಬಂದ್. ಮನ್ಯಾಗ ಕುಂತು ಹಪ್ಪಳ ಲಟ್ಟಸಲಿ." ನೀಲಾ ಒಳಗೆ ಹೋಗಿ ಗೋಡೆಗೆ ಮುಖಮಾಡಿ ನಿಂತಳು.

ನೀನೇ ಜೊತೆಗೆ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಹೋಗಿದ್ದೆ. ಪರಸ್ಯಾ ಬಹಳ ವಿನಯದಿಂದ "ನಮಸ್ಕಾರ್ರಿ ಮಾಸ್ತರ್ರ" ಅಂದ. ನಾನು ಕೈ ಜೋಡಿಸಿದೆ. ಬಗಲಲ್ಲಿದ್ದ ಛತ್ರಿ ಸಡಿಲಾಯಿತು. ಅಂದು ಪಾಟಿಚೀಲದ ಜೊತೆಗೆ ನನ್ನ ಛತ್ರಿಯೂ ಟೊಪ್ಪಿಗೆಯೂ ಹತ್ತಿಯ ಮೇಲೆ ಕೂತು ಸವಾರಿ ಹೋದವು. ಫಿರ್ಯಾದಿ ಕೊಡಲು ಹೋದರೆ ಅಲ್ಲಿದ್ದ ಪೇದೆ ಕೇಳಿದ: "ಚೀಲಾ ಸಿಕ್ಕೈತಿಲ್ಲೋ? ಸಿಕ್ಕಮ್ಯಾಲೆ ಕೇಸ್ ಎಲ್ಲಿಂದ ಬರ್ತೈತ್ರಿ?" ಇನ್ನು ಉಳಿದದ್ದು ಒಂದೇ ದಾರಿ, ಹುಡುಗಿಗೆ ತನ್ನನ್ನು ತಾನು ಕಾಯ್ದುಕೊಳ್ಳುವ ವಿದ್ಯೆ ಕಲಿಸುವುದು. ನನಗೆ ಬರದ ವಿದ್ಯೆಯನ್ನು ಕಲಿಸಲು ಬೇರೆಯವರನ್ನು ಹುಡುಕುವುದರಲ್ಲಿ ನನಗೆ ಎಂದೂ ನಾಚಿಕೆಯಾಗಿಲ್ಲ.

ಅದೃಷ್ಟಕ್ಕೆ ಆಗಲೇ ನಮ್ಮ ಛಾಪಖಾನೆಗೆ ಭರಮಪ್ಪ ವಸ್ತಾದರ ಪುಸ್ತಕ ಬಂದಿತ್ತು. ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಇವರು ಲಕ್ಷ್ಮೇಶ್ವರದವರು. ಅದು ಸಂಸ್ಥಾನಕ್ಕೆ ಸೇರಿದ್ದಾಗ ಹಾಲು, ಬದಾಮು ತಪ್ಪದೆ ಬರುತ್ತಿದ್ದವಂತೆ. ಸಂಸ್ಥಾನ ಹೋಯಿತು, ಬದಾಮೂ ಹೋಯಿತು, ಇವರು ಗದಗಿಗೆ ಬಂದು ಗರಡಿ ತೆರೆದರು. "ಇನ್ನ ಮ್ಯಾಲೆ ದೇಶ ನಮ್ದ ಐತ್ರಿ ಮಾಸ್ತರ್ರ, ಕಾಯಾಕ ಎಲ್ಲಾರೂ ಕಲೀಬೇಕಲ್ಲಾ" ಎಂದು ತಮ್ಮ ವಿದ್ಯೆಯನ್ನು ಪುಸ್ತಕ ಮಾಡಿಸಲು ಹೊರಟಿದ್ದರು. ಓದು ಬರಹ ಬಾರದು. ಅವರು ಹೇಳುವುದು, ನಾನು ಬರೆಯುವುದು. ಎಂಥ ಮನುಷ್ಯ ಅಂತೀರಿ! ತಲೆ ಮುಗಿದು ಹೆಗಲು ಶುರುವಾಗುವುದು ಎಲ್ಲಿ ಎಂದು ಹುಡುಕಬೇಕಾಗಿತ್ತು. ಬಾಗಿಲಲ್ಲಿ ಬಂದು ನಿಂತರೆ ಅಕ್ಷರ ಕಾಣದಷ್ಟು ಕತ್ತಲೆಯಾಗುತ್ತಿತ್ತು. ದನಿ ಮಾತ್ರ ಮೆತ್ತಗೆ, ಕೂಸು ಮಲಗಿದ ಮನೆಯಲ್ಲಿ ಮಾತಾಡುವವರ ಹಾಗೆ. ಒಂದು ಪಟ್ಟನ್ನು ಬಾಯಿಂದ ಹೇಳಿ ತಿಳಿಸಲಾಗದೆ ಒಂದು ದಿನ "ತಡೀರಿ" ಎಂದು ನನ್ನ ಮಣಿಕಟ್ಟು ಹಿಡಿದರು. ನಾನು ಗಾಳಿಯಲ್ಲಿ ಒಂದು ಸುತ್ತು ತಿರುಗಿದ್ದು ನಿಜ, ಆದರೆ ತಿರುಗಿದ್ದು ನನಗೆ ತಿಳಿಯಲೇ ಇಲ್ಲ. ಕಣ್ಣು ಬಿಟ್ಟಾಗ ಕಾಗದದ ರೀಮುಗಳ ಮೇಲೆ ಅಂಗಾತ ಮಲಗಿದ್ದೆ. ಕಿವಿಯ ಮೇಲಿನ ಪೆನ್ಸಿಲ್ ಕಿವಿಯ ಮೇಲೆಯೇ ಇತ್ತು! ನನಗೆ ಕಣ್ಣಲ್ಲಿ ನೀರು ಬಂದಿತು. ಇಷ್ಟು ಶಕ್ತಿಯಲ್ಲಿ ಇಷ್ಟು ನಯ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮರುದಿನವೇ ಅವರ ಕೈಕಾಲು ಹಿಡಿದು ಸೇತುವೆಗೆ ಕರೆದೊಯ್ದೆ. ಇನ್ನೇನು ಪರಸ್ಯಾ ಆಕಾಶ ನೋಡುತ್ತಾನೆ ಎಂದು ನಾನು ಹಿಗ್ಗುತ್ತಿದ್ದರೆ ವಸ್ತಾದರು ಅವನನ್ನು ಮೇಲಿಂದ ಕೆಳಗೆ ನೋಡಿ ಬೇಸರದಿಂದ ತಲೆಯಾಡಿಸಿದರು. "ಇಂವ ನನ್ನ ಜೋಡಿ ಅಲ್ರಿ ಮಾಸ್ತರ್ರ." ಕುಸ್ತಿಯಲ್ಲಿ ತೂಕಕ್ಕೆ ತೂಕ, ಹೆಸರಿಗೆ ಹೆಸರು ನೋಡಿ ಜೋಡಿ ಹಚ್ಚುತ್ತಾರೆ. ಜೋಡಿಯಲ್ಲದವನ ಮೈ ಮುಟ್ಟಿದರೆ ವಸ್ತಾದನ ಹೆಸರು ಮಣ್ಣುಪಾಲು. "ಇವನ ಜೋಡಿ ಆಗೂವಂಥಾವ ನಮ್ಮ ಗರಡ್ಯಾಗ ಯಾರೂ ಇಲ್ರಿ. ಹತ್ತು ವರ್ಷದ ಹುಡುಗೂರೂ ಇವಗಿಂತ ಚಲೋ ಅದಾವು." ಪರಸ್ಯಾ ಓಡಿಬಂದು ಅವರ ಕಾಲಿಗೆ ಬಿದ್ದು ಆಶೀರ್ವಾದ ಪಡೆದ. ಅವರ ಬೆನ್ನು ಮರೆಯಾದ ಕೂಡಲೇ ಶಾಲೆಗೆ ಹೊರಟಿದ್ದ ನೀಲಾಳ ಚೀಲ ಚಕ್ಕಡಿಗೆ ಹೋಯಿತು. ಆದರೂ ಹೇಳುತ್ತೇನೆ, ಆ ವಿದ್ಯೆಯ ಮೇಲೆ ನನಗಿದ್ದ ಗೌರವ ಕೂದಲಷ್ಟೂ ಕಡಿಮೆಯಾಗಲಿಲ್ಲ. ಎದುರಾಳಿಯ ಯೋಗ್ಯತೆಯನ್ನು ಮೊದಲು ಕೇಳುವ ವಿದ್ಯೆ ಅದು. ಪುಂಡರಿಗೆ ಆ ಯೋಗ್ಯತೆ ಇರುವುದಿಲ್ಲ, ಅದಕ್ಕೆ ಯಾರೇನು ಮಾಡಬೇಕು?

ಆಮೇಲೆ ಶಿರಹಟ್ಟಿಯ ಒಬ್ಬ ಡ್ರಿಲ್ ಮಾಸ್ತರರಲ್ಲಿಗೆ ಹೋದೆ. ಸ್ವಯಂಸೇವಕರಿಗೆ ಲಾಠಿ ತಿರುಗಿಸುವುದನ್ನು ಕಲಿಸಿದವರು. ಅವರು ಅಂಗಳದ ನಡುವೆ ನಿಂತು "ಜೋಳಾ ತೂರ್ರಿ ನನ್ನ ಮ್ಯಾಲೆ" ಅಂದರು. ಬೊಗಸೆ ಬೊಗಸೆ ತೂರಿದೆ. ಕೋಲು ಕಾಣುತ್ತಿರಲಿಲ್ಲ, ಬರೀ ಗುಂಯ್ ಎನ್ನುವ ಸಪ್ಪಳ. ಒಂದು ಕಾಳೂ ಅವರ ಮೈಗೆ ತಾಗದೆ ಸುತ್ತಲೂ ಸಿಡಿದು ಬಿದ್ದವು. ಆಹಾ, ಮನುಷ್ಯ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡು ನಿಂತಿದ್ದ! ಕೋಳಿಗಳೆಲ್ಲ ಓಡಿಬಂದು ಕಾಳು ಆರಿಸತೊಡಗಿದಾಗಷ್ಟೇ ನನಗೆ ಎಚ್ಚರವಾಯಿತು. ಆದರೆ ಆರಡಿ ಕೋಲು ಹಿಡಿದು ಮಗಳು ಭೂಗೋಳದ ತರಗತಿಗೆ ಹೋಗುವುದು ಹೇಗೆ? ಅದೂ ಅಲ್ಲದೆ ಬೆಟಗೇರಿಯ ನಮ್ಮ ಓಣಿ ನೇಕಾರರದು. ಬೆಳಗಾದರೆ ಸೀರೆಯ ಹಾಸಿನ ನೂಲನ್ನು ಗಂಜಿ ಹಚ್ಚಲು ಬೀದಿಯ ಉದ್ದಕ್ಕೂ ಎಳೆದು ಕಟ್ಟಿರುತ್ತಾರೆ. ನಾನು ಮನೆಯ ಮುಂದೆ ಎರಡೇ ಎರಡು ಸುತ್ತು ತಿರುಗಿಸಿ ನೋಡಿದೆ. ಹದಿನಾಲ್ಕು ಎಳೆ ಹರಿದವು. ಎದುರುಮನೆಯ ಅಜ್ಜಿ ಗಂಜಿಯ ಕುಂಚ ಹಿಡಿದು ಹೊರಬಂದಳು. ಆಗ ನಾನು ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆಯನ್ನು ಬಳಸಿ ಕಾಲಿಗೆ ಬುದ್ಧಿ ಹೇಳಿದೆ.

ಮುಂಡರಗಿಯ ಮಾಜಿ ಸಿಪಾಯಿಯೊಬ್ಬರು ಫೌಜಿನಲ್ಲಿ ಬಾಕ್ಸಿಂಗ್ ಆಡಿದವರು. ಅವರು ಹತ್ತಿಕಾಳಿನ ಚೀಲಕ್ಕೆ ಕೊಟ್ಟ ಒಂದು ಗುದ್ದಿಗೆ ಚೀಲದ ಹೊಲಿಗೆ ಬಿಟ್ಟಿತು. ನಾನು ಆ ಮುಷ್ಟಿಯನ್ನು ಮುಟ್ಟಿ ನೋಡಿ ಕಣ್ಣಿಗೆ ಒತ್ತಿಕೊಂಡೆ. "ಮೂಗಿಗೆ ಕೊಡಬೇಕ್ರಿ ಮೊದಲ" ಎಂದರು. ನೀಲಾಳ ಕೈ ಪರಸ್ಯಾನ ಮೂಗಿಗೆ ಎಟಕುವುದಿಲ್ಲ, ಹೆಚ್ಚೆಂದರೆ ಸೊಂಟಕ್ಕೆ ಎಂದೆ. ಅವರು ಗಾಬರಿಯಾದರು. "ಸೊಂಟದ ಕೆಳಗ ಹೊಡಿಯಾಂಗಿಲ್ರಿ! ಕಾಯ್ದೆ ಐತಿ!" ಅಲ್ಲಿಗೆ ಅದೂ ಮುಗಿಯಿತು. ಮೂರು ಊರು ತಿರುಗಿ, ಮೂರು ಮಹಾನುಭಾವರನ್ನು ಕಂಡು, ಎದೆ ತುಂಬಿಕೊಂಡು ಬರಿಗೈಯಲ್ಲಿ ಬಂದೆ. ಅಮಾವಾಸ್ಯೆಗೆ ಎರಡೇ ದಿನ ಉಳಿದಿದ್ದವು.

ಆ ಸಂಜೆ ಮನೆಗೆ ಬಂದು ನೋಡುತ್ತೇನೆ, ಗೌರವ್ವ ನೆಲದ ಮೇಲೆ ಅಂಗಾತ ಬಿದ್ದಿದ್ದಾಳೆ. ಪಕ್ಕದಲ್ಲಿ ನೀಲಾ ಲಂಗ ಎತ್ತಿ ಕಟ್ಟಿಕೊಂಡು ನಿಂತಿದ್ದಾಳೆ, ಇಬ್ಬರೂ ನಗುತ್ತಿದ್ದಾರೆ. "ನಿಮ್ಮ ವಸ್ತಾದ್ರ ಪುಸ್ತಕದ್ದ ಪಟ್ರಿ ಇದು" ಎಂದಳು ಗೌರವ್ವ, ಬಿದ್ದಲ್ಲಿಂದಲೇ. ಛಾಪಖಾನೆಯವರ ಮನೆಯಲ್ಲಿ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುವುದು ಕೆಟ್ಟ ಕರಡಿನ ಹಾಳೆಗಳಿಂದಲೇ. ನೀಲಾಳ ಗಣಿತದ ಪುಸ್ತಕದ ಮೇಲೆ ಭರಮಪ್ಪ ವಸ್ತಾದರ ಪಟ್ಟಿನ ನಾಲ್ಕು ಚಿತ್ರಗಳು ಸಾಲಾಗಿದ್ದವು. ಅದನ್ನು ನೋಡಿಕೊಂಡು ವಾರದಿಂದ ತಾಯಿ ಮಗಳು ಸಾಧನೆ ನಡೆಸಿದ್ದರಂತೆ. ಪರಸ್ಯಾನ ಪಾತ್ರ ಗೌರವ್ವನದು. "ಹೆಂಗ ಮಾಡ್ತಿ, ತೋರಸು" ಎಂದೆ. ನೀಲಾ "ಒಂದು!" ಎಂದು ಕೂಗಿ ತಾನೇ ದೊಪ್ಪನೆ ನೆಲಕ್ಕೆ ಕುಸಿದಳು.

ನನಗೆ ಅರ್ಥವಾಗಲಿಲ್ಲ. ವಸ್ತಾದರು ನನ್ನನ್ನು ಎತ್ತಿ ಹಾಕಿದಾಗ ಅವರು ಬಿದ್ದಿರಲಿಲ್ಲ, ಬಿದ್ದವನು ನಾನು. ಭೂತಗನ್ನಡಿ ತೆಗೆದು ಚಿತ್ರ ನೋಡಿದೆ. ನೋಡಿದವನು ಅಲ್ಲಿಯೇ ಕೂತುಬಿಟ್ಟೆ. ಅಚ್ಚುಮೊಳೆಗಳದ್ದು ಕನ್ನಡಿಯ ಲೋಕ. ಕಾಗದದ ಮೇಲೆ ಎಡದಲ್ಲಿ ಬರಬೇಕಾದದ್ದನ್ನು ಚೌಕಟ್ಟಿನಲ್ಲಿ ಬಲಕ್ಕೆ ಇಡಬೇಕು. ಅಕ್ಷರ ಜೋಡಿಸುವಾಗ ನಮ್ಮ ಛಾಪಖಾನೆಯ ಹನಮಂತನ ಕೈಗೆ ಅದು ತಾನಾಗಿ ಬರುತ್ತದೆ. ಚಿತ್ರದ ಅಚ್ಚುಗಳನ್ನು ಮಾತ್ರ ಮನುಷ್ಯರು ನೋಡುವ ಹಾಗೆ ಎಡದಿಂದ ಬಲಕ್ಕೆ ಇಟ್ಟುಬಿಟ್ಟಿದ್ದ. ಕೆಳಗಿನ ಅಂಕಿಗಳು ಸರಿ, ಮೇಲಿನ ಚಿತ್ರಗಳು ಹಿಂದುಮುಂದು. ಕೊನೆಯಲ್ಲಿ ನೆಲಕ್ಕೆ ಬೀಳಬೇಕಾದವನು ಒಂದನೇ ಚಿತ್ರದಲ್ಲೇ ಬಿದ್ದಿದ್ದಾನೆ. ಮೊದಲು ಮಣಿಕಟ್ಟು ಹಿಡಿಯಬೇಕಾದವರು ನಾಲ್ಕನೆಯದರಲ್ಲಿ ಕೈ ಹಿಡಿದು ಕುಶಲ ಕೇಳುವವರ ಹಾಗೆ ನಿಂತಿದ್ದಾರೆ. ಮೊದಲು ಬಿದ್ದವನೇ ಪಟ್ಟು ಹಾಕುವವನೆಂದು ನೀಲಾ ತಿಳಿದುಕೊಂಡಿದ್ದಳು. ಆ ಪುಟದ ಒಂದೊಂದು ಒತ್ತಕ್ಷರವನ್ನೂ ನಾನು ತಿದ್ದಿದ್ದೆ. ಚಿತ್ರ ನೋಡಿರಲಿಲ್ಲ, ಚಿತ್ರಕ್ಕೆ ಕಾಗುಣಿತ ಎಲ್ಲಿರುತ್ತದೆ? ಪುಸ್ತಕಗಳೆಲ್ಲ ಅಚ್ಚಾಗಿ, ಹೊಲಿದು, ವಸ್ತಾದರ ಗರಡಿ ಸೇರಿ ಹದಿನೈದು ದಿನವಾಗಿತ್ತು.

"ಬ್ಯಾಡವ್ವಾ ನೀಲಾ, ಇದು ತಪ್ಪೈತಿ, ಉಲ್ಟಾ ಐತಿ" ಎಂದು ಗೋಗರೆದೆ. "ಅಪ್ಪಾ, ನನಗ ಇದ ಬರೂದು. ಅವ್ವ ದಿನಾ ಬೀಳ್ತಾಳಲ್ಲ?" ಎಂದಳು. ಗೌರವ್ವ ಸೊಂಟ ಉಜ್ಜಿಕೊಳ್ಳುತ್ತ, "ಖರೇನ ಬೀಳ್ತೀನ್ರಿ, ಬೇಕಂತ ಬೀಳಾಕ ನನಗೇನು ಹುಚ್ಚೇನು? ಹೋಗಲಿ ಬಿಡ್ರಿ, ನಾಳೆ ಒಂದಿನಾ ನೋಡೋಣು. ಆಗಲಿಲ್ಲಂದ್ರ ನಾ ಅಂದದ್ದು ಐತೇ ಐತಿ" ಎಂದಳು. ಮಗಳ ಓದು ನನ್ನದೇ ತಪ್ಪಿನ ಮೇಲೆ ನಿಂತಿತು. ಆ ರಾತ್ರಿ ನಾನು ಊಟ ಬಿಟ್ಟೆ.

ಮರುದಿನ ಅವಳಿಗೆ ತಿಳಿಯದಂತೆ ಒಂದು ಹತ್ತಿ ಗಾಡಿಯ ಮರೆಯಲ್ಲಿ ಹಿಂಬಾಲಿಸಿದೆ. ನೀಲಾ ಒಬ್ಬಳೇ ಸೇತುವೆಯ ಹತ್ತಿರ ಬಂದಳು. ಪರಸ್ಯಾ ಕಟ್ಟೆಯಿಂದ ಜಿಗಿದು ಬಾಗಿ ಚೀಲದ ಪಟ್ಟಿಗೆ ಕೈ ಹಾಕಿದ. ಎಲ್ಲ ಹುಡುಗಿಯರೂ ಹಿಂದಕ್ಕೆ ಎಳೆಯುತ್ತಿದ್ದರು, ಅವನ ಕೈಗೆ ಅದೇ ರೂಢಿ. ಇವಳು "ಒಂದು!" ಎಂದು ಒದರಿ ಚೀಲದ ಸಮೇತ ಅವನ ಕಾಲಬುಡದಲ್ಲಿ ಕುಸಿದು ಕೂತಳು. ಎಳೆಯಲು ಬಂದವನಿಗೆ ಎಳೆಯಲು ಏನೂ ಉಳಿಯಲಿಲ್ಲ. ಮುಂದೆ ಬಾಗಿದ್ದ ಮೈ ಬಾಗಿದಂತೆಯೇ ಮುಂದೆ ಹೋಯಿತು. "ಎರಡು!" ಎನ್ನುವುದರೊಳಗೆ ಅವಳ ತಲೆಯ ಮೇಲಿಂದ ಹಾಯ್ದು, ಕಾಲು ಮೇಲೆ ಮಾಡಿ, ನಡುರಸ್ತೆಯ ಕೆಂಧೂಳಿನಲ್ಲಿ ಧೊಪ್ ಎಂದು ಬಿದ್ದ. ದೇವರಾಣೆ, ಗಾಡಿಯ ಎತ್ತುಗಳೂ ನಿಂತು ನೋಡಿದವು. ನೀಲಾ "ಮೂರು!" ಎಂದು ಎದ್ದು ಬೆನ್ನು ತಿರುಗಿಸಿ ನಿಂತಳು. ಪುಸ್ತಕದಲ್ಲಿ ಇದೆಯಲ್ಲ ಎಂದು, "ನಾಕು!" ಎಂದು ತಿರುಗಿ ಅವನ ಮಣಿಕಟ್ಟು ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಗಾಡಿಯವರ ನಗೆಗೆ ಗಿರಣಿಯ ಸಪ್ಪಳ ಕೇಳದಾಯಿತು. ಬೈದಿದ್ದರೆ ಪರಸ್ಯಾ ತಿರುಗಿ ಬೈಯುತ್ತಿದ್ದ, ಹೊಡೆದಿದ್ದರೆ ಹೊಡೆಯುತ್ತಿದ್ದ. ಕೆಡವಿ ಕೈಹಿಡಿದು ಎಬ್ಬಿಸಿದವಳಿಗೆ ಏನು ಮಾಡಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ. ನೀಲಾ ಲಂಗದ ಧೂಳು ಝಾಡಿಸಿ ಶಾಲೆಯ ಕಡೆ ನಡೆದಳು. ಗಾಡಿಯ ಮರೆಯಲ್ಲಿ ನಿಂತು ನಾನು ನನ್ನ ಮಗಳಿಗೆ ಕೈ ಮುಗಿದೆ. ಪರಸ್ಯಾನನ್ನು ಆ ಕಟ್ಟೆಯ ಮೇಲೆ ಮತ್ತೆ ಯಾರೂ ಕಾಣಲಿಲ್ಲ.

ಸುದ್ದಿ ನನಗಿಂತ ಮೊದಲೇ ಗದಗ ಮುಟ್ಟಿತ್ತು. ಸಂಜೆ ವಸ್ತಾದರು ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಹೊರಸಿನ ಮೇಲೆ ಕೂತು ಸಂಕೋಚದಿಂದ ಕೇಳಿದರು: "ಆ ಕೂಸನ್ನ ಕರೀರಿ. ನನಗೊಂದಿಟು ಕಲಿಸಬೇಕು. ಪುಸ್ತಕಾ ಬಂದಾಗಿಂದ ದಿನಾ ಕಣದಾಗ ಬಿದ್ದು ಬಿದ್ದು ನೋಡಾಕತ್ತೀನ್ರಿ, ತಿಳೀವಲ್ದು. ನಾ ಹೇಳಿದ್ದು ಹಿಂಗಿರಲಿಲ್ಲ. ಆದ್ರ ಅಚ್ಚಿನಾಗ ತಪ್ಪು ಬರ್ತೈತೇನ್ರಿ? ಕಲ್ತಾವ್ರು ನೋಡಿ ನನ್ನ ಪಟ್ಟು ತಿದ್ಯಾರ, ನನ್ನ ತಲೀಗೇ ಹೊಳೀವಲ್ದು ಅನಕೊಂಡೆ." ನಾನು ನೆಲ ಸೀಳಿ ಒಳಗೆ ಹೋಗುವಂತಾದೆ. ಮೂರು ತಾಲೂಕಿನಲ್ಲಿ ಯಾರಿಗೂ ಬೆನ್ನು ತೋರದ ಮನುಷ್ಯ, ನನ್ನ ಕಣ್ತಪ್ಪಿಗೆ ಹದಿನೈದು ದಿನ ಮಣ್ಣಿಗೆ ಬಿದ್ದಿದ್ದ! ಅವರ ಕಾಲು ಮುಟ್ಟಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಪುಸ್ತಕ ಬಿಚ್ಚಿ ಚಿತ್ರಗಳ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿದರು. ಆಮೇಲೆ ಹೊರಸು ಕಿರುಗುಟ್ಟತೊಡಗಿತು. ನಗುತ್ತಿದ್ದರು. "ಆತು ಬಿಡ್ರಿ. ಬೀಳಬ್ಯಾಡ್ರಿ ಅಂತ ನಲವತ್ತು ವರ್ಷ ಕಲಿಸೀನಿ. ಸಣ್ಣವರು ದೊಡ್ಡವರ ಮುಂದ ಹೆಂಗ ಬೀಳಬೇಕು ಅಂತ ಒಬ್ಬರಿಗೂ ಹೇಳ್ಲಿಲ್ಲ ನೋಡ್ರಿ." ಪುಸ್ತಕ ಸುಡಬೇಡಿ, ಒಂದು ಚೀಟಿ ಅಚ್ಚು ಹಾಕಿ ಅಂಟಿಸಿ ಎಂದರು. ಚೀಟಿಯ ಒಕ್ಕಣೆಯನ್ನೂ ಅವರೇ ಹೇಳಿದರು: ಕುಸ್ತಿಯ ಕಣದಲ್ಲಿ ನಾಲ್ಕರಿಂದ ಒಂದಕ್ಕೆ ಬರಬೇಕು, ಬೀದಿಯಲ್ಲಿ ಒಂದರಿಂದ ನಾಲ್ಕಕ್ಕೆ ಹೋಗಬೇಕು. ಅಷ್ಟು ಹೇಳಿ ಅಂಗಳಕ್ಕೆ ಇಳಿದು, ಹನ್ನೆರಡು ವರ್ಷದ ಹುಡುಗಿ "ಹಂಗಲ್ರಿ ಅಜ್ಜಾ, ಮೈ ಬಿಟ್ಟು ಬೀಳ್ರಿ" ಎಂದಾಗಲೆಲ್ಲ, ಆ ಮಹಾಕಾಯ ತಲೆಬಾಗಿ ಮತ್ತೆ ಮತ್ತೆ ಬಿದ್ದಿತು. ನಾನು ಕಂಡ ಎಲ್ಲ ಪಟ್ಟುಗಳಿಗಿಂತ ಅದು ದೊಡ್ಡದೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಶಾಲೆ ಬಿಟ್ಟಿದ್ದ ಇಬ್ಬರು ಹುಡುಗಿಯರು ಮರುವಾರವೇ ಬಂದರು. ಅವರ ಹಿಂದೆ ಓಣಿಯ ಇನ್ನೂ ನಾಲ್ವರು. ಎಲ್ಲರೂ ಪಟ್ಟು ಕಲಿತೇ ಹೈಸ್ಕೂಲಿಗೆ ಹೋಗಬೇಕೆಂಬುದು ಅವರವರ ತಾಯಂದಿರ ಕರಾರು. ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಅಭ್ಯಾಸ. ಅದಕ್ಕೆ ಪರಸ್ಯಾನ ಪಾತ್ರ ಮಾಡುವವರು ಒಬ್ಬರು ಬೇಕು. ಗೌರವ್ವನ ಸೊಂಟ ಹಿಡಿದಿದೆ. "ನೀವ ಆಗ್ರಿ, ಹಗೂರ ಅದೀರಿ, ಹುಡುಗ್ಯಾರಿಗೆ ಭಾರ ಆಗೂದಿಲ್ಲ" ಎಂದಳು. ಹೀಗೆ ಜೀವಮಾನದಲ್ಲಿ ಕೈ ಎತ್ತದ ನಾನು ಈಗ ದಿನವೂ ಏಳು ಹುಡುಗಿಯರ ಚೀಲಕ್ಕೆ ಕೈ ಹಾಕಿ, ಏಳು ಸಲ ಅಂಗಳದ ಮೇಲೆ ಅಂಗಾತ ಬೀಳುತ್ತೇನೆ. ಏಳನೆಯವಳು "ಮೂರು!" ಎಂದ ಮೇಲೆ, ನನ್ನನ್ನು ಎಬ್ಬಿಸುವುದನ್ನು ಬಿಟ್ಟು, ಎಲ್ಲರೂ ಹೊತ್ತಾಯಿತೆಂದು ಕಲಕಲ ಮಾತಾಡುತ್ತ ಹೈಸ್ಕೂಲಿನ ದಾರಿ ಹಿಡಿಯುತ್ತಾರೆ. "ಏಳ್ರಿ, ಅವ್ರು ಹೋದ್ರು, ಕೆಲಸಕ್ಕ ಹೊತ್ತಾತು" ಎನ್ನುತ್ತಾಳೆ ಗೌರವ್ವ. "ತಡಿಯ, ಇನ್ನೂ ಕೇಳಸಾಕತ್ತೈತಿ" ಎಂದು ನಾನು ಬಿದ್ದಲ್ಲಿಯೇ ಬಿದ್ದುಕೊಂಡು, ಆ ಏಳು ದನಿಗಳು ಓಣಿ ದಾಟುವವರೆಗೂ ಕೇಳುತ್ತೇನೆ. ನನ್ನ ಬೆನ್ನೂ ಹಿಡಿದು ಏಳಲು ಬರುವುದಿಲ್ಲ ಎನ್ನುವುದನ್ನು ಅವಳಿಗೆ ಹೇಳಿಲ್ಲ.